ನಮ್ಮ ಕಬ್ಬಿಣವೇ ಬೇರೆ

ಆ ಶಾಲೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ತಕ್ಕಡಿ ಅಕ್ಕ. ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿ ಇಪ್ಪತ್ತಾರು ವರ್ಷ ಸವೆಸಿದವಳು. ಓದಿದ್ದು ಏಳನೇ ತರಗತಿ. ಆದರೂ ಅಳತೆ ಜಾಡಿಯಲ್ಲಿ ನೀರಿನ ಮಟ್ಟ ಓದುವ ವಿಷಯ ಬಂದರೆ ಡಿಗ್ರಿ ಮಾಡಿದ ಮೇಷ್ಟ್ರುಗಳೂ ಕನ್ನಡಕ ಒರೆಸಿಕೊಂಡು ಅವಳ ಮುಖ ನೋಡುತ್ತಿದ್ದರು.

"ಬಗ್ಗೋ! ಕಣ್ಣು ನೀರಿನ ಮಟ್ಟಕ್ಕೆ ತಗೊಂಡು ಬಾ. ಮೇಲಿಂದ ನೋಡೋಕೆ ನೀನೇನು ವಿಮಾನದಲ್ಲಿ ಕೂತಿದೀಯಾ?" ಎಂದು ಹುಡುಗರ ತಲೆಯನ್ನು ಹಿಡಿದು ಬಗ್ಗಿಸುತ್ತಿದ್ದಳು. ಯಾರಾದರೂ ಚಿಮುಟ ಬಿಟ್ಟು ಬರಿಗೈಯಲ್ಲಿ ತೂಕದ ಬಟ್ಟು ಮುಟ್ಟಿದರೆ ಕೇಳುವುದೇ ಬೇಡ. "ನಿನ್ನ ಕೈ ಬೆವರಿಗೂ ತೂಕ ಇದೆ ಕಣೋ. ಅದನ್ನ ಯಾರ ಲೆಕ್ಕಕ್ಕೆ ಬರೀತೀಯ?"

ಈ ನಿಖರತೆ ಲ್ಯಾಬಿನ ನಾಲ್ಕು ಗೋಡೆಯೊಳಗೇ ಇದ್ದಿದ್ದರೆ ನೆರೆಹೊರೆಗೆ ಕ್ಷೇಮವಿತ್ತು. ಒಮ್ಮೆ ಪಕ್ಕದ ಮನೆಯಾಕೆ ಗಂಡ ತಂದುಕೊಟ್ಟ ಪುಟ್ಟ ಬೆಳ್ಳಿ ಬಟ್ಟಲನ್ನು ಹೆಮ್ಮೆಯಿಂದ ತೋರಿಸಿದಳು. ತೋರಿಸಿದ್ದೇ ತಪ್ಪಾಯಿತು. ಅಕ್ಕ ಅದನ್ನು ಲ್ಯಾಬಿಗೆ ಒಯ್ದು ತೂಗಿದಳು, ನೀರಿನಲ್ಲಿ ಮುಳುಗಿಸಿದಳು, ಚೀಟಿಯ ಮೇಲೆ ಭಾಗಾಕಾರ ಮಾಡಿದಳು. ಹನ್ನೊಂದು ಪಾಯಿಂಟ್ ಮೂರು ಬಂತು. ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಬೆಳ್ಳಿಗೆ ಹತ್ತೂವರೆ ಎಂದಿತ್ತು. ಹನ್ನೊಂದು ಪಾಯಿಂಟ್ ಮೂರರ ಎದುರು ಇದ್ದದ್ದು ಸೀಸ. ಸಂಜೆ ಬಟ್ಟಲನ್ನು ವಾಪಸ್ ಕೊಡುತ್ತ, "ನಿಮ್ಮ ಯಜಮಾನ್ರು ನಿಮಗೆ ಸೀಸ ತಂದುಕೊಟ್ಟಿದಾರೆ ಕಣ್ರೀ" ಎಂದಳು. ಆಮೇಲೆ ಎರಡು ವರ್ಷ ಪಕ್ಕದ ಮನೆಯ ಗಂಡ ಹೆಂಡತಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗಿದರು. ಬಟ್ಟಲು ಬೆಕ್ಕಿನ ಪಾಲಾಯಿತು.

ಆ ಲ್ಯಾಬಿಗೆ ಒಂದು ವಿಚಿತ್ರ ಕಟ್ಟಳೆ ಇತ್ತು. ಒಂಬತ್ತನೇ ತರಗತಿಯವರ ಮೊದಲ ಪ್ರಯೋಗ ಕಬ್ಬಿಣದ ಸಾಂದ್ರತೆ ಕಂಡುಹಿಡಿಯುವುದು. ಬಾಯಿಗೆ ಹಾಕಿಕೊಳ್ಳುವಷ್ಟು ಸಣ್ಣ ಕಬ್ಬಿಣದ ತುಂಡು. ಅಕ್ಕ ಇಲ್ಲದಿದ್ದರೆ ಯಾರಾದರೂ ಹಾಕಿಕೊಂಡೂ ಬಿಡುತ್ತಿದ್ದರು. ತಕ್ಕಡಿಯಲ್ಲಿ ತೂಗಿದರೆ ಅದರ ದ್ರವ್ಯರಾಶಿ ಎಂಬತ್ತೆರಡು ಗ್ರಾಮ್. ನೀರಿಗೆ ಇಳಿಬಿಟ್ಟರೆ ಜಾಡಿಯ ಮಟ್ಟ ಐವತ್ತರಿಂದ ಅರವತ್ತಕ್ಕೆ ಏರುತ್ತದೆ, ಅಂದರೆ ಗಾತ್ರ ಹತ್ತು ಸಿಸಿ. ಭಾಗಿಸಿದರೆ ಸಾಂದ್ರತೆ ಎಂಟು ಪಾಯಿಂಟ್ ಎರಡು. ಪುಸ್ತಕದಲ್ಲಿ ಮಾತ್ರ ಏಳು ಪಾಯಿಂಟ್ ಎಂಟು ಎಂದು ಅಚ್ಚಾಗಿತ್ತು. ಬೇರೆ ಶಾಲೆಯಾಗಿದ್ದರೆ ಯಾರಾದರೂ ತಲೆ ಕೆರೆದುಕೊಳ್ಳುತ್ತಿದ್ದರು. ಇಲ್ಲಿನ ಭೌತಶಾಸ್ತ್ರದ ಮೇಷ್ಟ್ರು, ಅಂದರೆ ಈಗಿನ ಹೆಡ್‌ಮಾಸ್ಟರ್, ತಮ್ಮ ತಲೆಗೆ ಅಷ್ಟೆಲ್ಲ ತೊಂದರೆ ಕೊಡುವವರಲ್ಲ.

"ಪುಸ್ತಕದ ಕಬ್ಬಿಣ ಬೇರೆ, ನಮ್ಮ ಕಬ್ಬಿಣವೇ ಬೇರೆ" ಎಂದು, ಅಕ್ಕ ಸೇರಿದ ವರ್ಷವೇ ಶಾಲೆಗೆ ಹೊಸದಾಗಿ ಬಂದಿದ್ದ ಅವರು ಮೊದಲ ವರ್ಷವೇ ಘೋಷಿಸಿಬಿಟ್ಟಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ತಾಮ್ರವೂ ಪುಸ್ತಕಕ್ಕಿಂತ ಜಾಸ್ತಿ ಬಂದಾಗ "ನಮ್ಮ ತಾಮ್ರವೂ ಬೇರೆ" ಎಂದರು. ಹಗುರವಾದ ಅಲ್ಯೂಮಿನಿಯಂ ತುಂಡು ಮಾತ್ರ ಪುಸ್ತಕದಲ್ಲಿ ಇದ್ದ ಹಾಗೆಯೇ ಬರುತ್ತಿತ್ತು. ಅದಕ್ಕೂ ಉತ್ತರ ಸಿದ್ಧವಿತ್ತು: "ಅಲ್ಯೂಮಿನಿಯಂ ಸಾಧು ಲೋಹ. ಎಲ್ಲಿಗೆ ಹೋದ್ರೂ ಹೊಂದ್ಕೊಂಡು ಹೋಗುತ್ತೆ." ಈ ವಿಚಾರವಾಗಿ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಮೂರು ಪುಟದ ಲೇಖನವನ್ನೂ ಬರೆದರು.

ಲೇಖನ ಬರೆದದ್ದಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅದರಿಂದ ಒಂದು ಶಿಕ್ಷೆಯೂ ಹುಟ್ಟಿಕೊಂಡಿತು. ರೆಕಾರ್ಡಿನಲ್ಲಿ ಎಂಟು ಪಾಯಿಂಟ್ ಎರಡು ಬರೆದವರು ಪ್ರಯೋಗ ಮಾಡಿದವರು; ಅವರಿಗೆ ಪೂರ್ತಿ ಮಾರ್ಕ್ಸ್. ಏಳು ಪಾಯಿಂಟ್ ಎಂಟು ಬರೆದವರು ಪುಸ್ತಕ ನೋಡಿ ಕದ್ದವರು. ಅವರಿಗೆ ಸೊನ್ನೆ, ಜೊತೆಗೆ ಬೆಂಚಿನ ಮೇಲೆ ನಿಲ್ಲುವ ಭಾಗ್ಯ. ತಕ್ಕಡಿಯ ಹತ್ತಿರವೂ ಸುಳಿಯದೆ ಅಣ್ಣಂದಿರನ್ನು ಕೇಳಿ ಎಂಟು ಪಾಯಿಂಟ್ ಎರಡು ಎಂದು ಗೀಚಿದ ಸೋಮಾರಿಗಳೆಲ್ಲ ಪ್ರಾಮಾಣಿಕರ ಪಟ್ಟಿಯಲ್ಲಿ ಸೇರಿಕೊಂಡರು.

ಬೇರೆಯಾಗಿದ್ದದ್ದು ಕಬ್ಬಿಣವಲ್ಲ, ತೂಕದ ಪೆಟ್ಟಿಗೆಯಲ್ಲಿದ್ದ ಐವತ್ತು ಗ್ರಾಮಿನ ಬಟ್ಟು. ಅದರ ಕಥೆ ಅಕ್ಕ ಕೆಲಸಕ್ಕೆ ಸೇರಿದ ಮೊದಲ ವಾರದ್ದು. ಹಿತ್ತಾಳೆ ಬಟ್ಟುಗಳು ಮಂಕಾಗಿದ್ದನ್ನು ಕಂಡು, ಮನೆಯ ಪಾತ್ರೆಗಳಂತೆ ಬೂದಿ ಸೋಪು ಹಾಕಿ ತಿಕ್ಕಿ ತೊಳೆದು ಸಿಂಕಿನ ಅಂಚಿನಲ್ಲಿ ಸಾಲಾಗಿ ಒಣಗಲು ಇಟ್ಟಳು. ಐವತ್ತು ಉರುಳಿ ಮೋರಿಯ ತೂತಿನೊಳಗೆ ಹೋಯಿತು. ಸೇರುವ ದಿನವೇ ಮೇಷ್ಟ್ರು "ಒಂದು ಸಾಮಾನು ಕಳೆದ್ರೂ ಮನೆಗೆ ಕಳಿಸ್ತೀನಿ" ಎಂದಿದ್ದರು. ಅಕ್ಕನ ಜೀವ ಬಾಯಿಗೆ ಬಂತು.

ಅವಳ ಮೈದುನ ಲೇತ್ ಮೆಷಿನ್ನಿನ ಕೆಲಸಗಾರ. ಹಿತ್ತಾಳೆ ಸರಳಿನಲ್ಲಿ ಅದೇ ಆಕಾರದ ಬಟ್ಟು ಕಡೆದುಕೊಡುತ್ತೇನೆ, ತೂಕಕ್ಕೆ ಮಾದರಿ ತಂದುಕೊಡಿ ಎಂದ. ಅಕ್ಕ ಬೀದಿ ಮೂಲೆಯ ಕಿರಾಣಿ ಅಂಗಡಿಗೆ ಹೋಗಿ ಐವತ್ತು ಗ್ರಾಮಿನ ಬಟ್ಟನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿದಳು. ಅಂಗಡಿಯವನ ಮುಖ ಬಿಳಿಚಿಕೊಂಡಿತು. "ಯಾಕಮ್ಮಾ? ಯಾರಾದ್ರೂ ಏನಾದ್ರೂ ಹೇಳಿದ್ರಾ?" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು, ಆದರೆ ಅಕ್ಕನಿಗೆ ಆಗ ಹೆಗಲು ನೋಡುವ ಪುರುಸೊತ್ತು ಎಲ್ಲಿತ್ತು? ಮೈದುನ ಕಡೆದ, ತೂಗಿದ, ಉಜ್ಜಿದ, ಮತ್ತೆ ತೂಗಿದ. ಎರಡು ಬಟ್ಟುಗಳೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಸಮ ನಿಂತವು. ಮರುದಿನ ಹೊಸ ಐವತ್ತು ಪೆಟ್ಟಿಗೆಯೊಳಗೆ ಹಳೆಯ ಐವತ್ತಿನ ಗುಳಿಯಲ್ಲಿ ಕೂತಿತು. ಅಕ್ಕ ಅದನ್ನು ಮರೆತಳು ಎನ್ನುವುದಕ್ಕಿಂತ, ಅಷ್ಟು ಚೆನ್ನಾಗಿ ಮಾಡಿಸಿದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟುಕೊಂಡಳು.

ಅವಳಿಗೆ ಒಬ್ಬಳೇ ಮಗಳು. ಅದೇ ಶಾಲೆ, ಅದೇ ಲ್ಯಾಬು. ಹನ್ನೊಂದು ವರ್ಷದ ಹಿಂದೆ, ಆ ಹುಡುಗಿಗೆ ಹದಿನಾಲ್ಕು ತುಂಬಿದ್ದಾಗ, ಕಬ್ಬಿಣದ ಪ್ರಯೋಗ ಮಾಡಿ ಏಳು ಪಾಯಿಂಟ್ ಎಂಟು ಎಂದು ಬರೆದಳು. ಮೇಷ್ಟ್ರು ರೆಕಾರ್ಡನ್ನು ಮೇಲೆತ್ತಿ ಹಿಡಿದು, "ನೋಡಿ, ನಮ್ಮ ಅಕ್ಕನ ಮಗಳು! ತಾಯಿ ತಕ್ಕಡಿ ಒರೆಸ್ತಾಳೆ, ಮಗಳು ಪುಸ್ತಕ ಒರೆಸ್ತಾಳೆ" ಎಂದರು. ತರಗತಿ ಗೊಳ್ಳೆಂದು ನಕ್ಕಿತು. ಜಾಡಿ ತೊಳೆಯುತ್ತ ನಿಂತಿದ್ದ ಅಕ್ಕನಿಗೆ ತಲೆ ಎತ್ತಲಾಗಲಿಲ್ಲ. "ನೋಡಿ ಬರೆದ್ಯೇನೇ?" ಎಂದು ಕೇಳಿದಳು. ಮಗಳು ತಾಯಿಯ ಮುಖವನ್ನೇ ನೋಡುತ್ತ ನಿಂತಳು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅಕ್ಕ ಗೋಡೆಗೆ ಒರಗಿಸಿದ್ದ ಮೀಟರ್ ಸ್ಕೇಲ್ ತೆಗೆದುಕೊಂಡು ನಲವತ್ತು ಮಕ್ಕಳ ಎದುರಿಗೇ ಹೊಡೆದಳು. ಎಷ್ಟು ಏಟು ಎಂದು ಎಲ್ಲವನ್ನೂ ಅಳೆಯುವ ಆ ಹೆಂಗಸು ಎಣಿಸಲಿಲ್ಲ.

ಮಗಳು ಆಮೇಲೆ ವಿಜ್ಞಾನದ ಗೊಡವೆಗೆ ಹೋಗಲಿಲ್ಲ. ಹತ್ತು ಮುಗಿಸಿ, ಕೆಲವು ವರ್ಷದ ಮೇಲೆ ಗುಜರಿ ಅಂಗಡಿಯವನೊಬ್ಬನನ್ನು ಮೆಚ್ಚಿ ಮದುವೆಯಾದಳು. ಈಗ ಅಂಗಡಿ ನಡೆಸುವವಳು ಅವಳೇ. "ಪುಸ್ತಕ ಹಿಡಿದ್ರೆ ಕಳ್ಳಿ ಅಂತಾರೆ, ಗುಜರಿ ಹಿಡಿದ್ರೆ ಓನರ್ ಅಂತಾರೆ" ಎಂದು ನಗುತ್ತಿದ್ದಳು. ತಾಯಿಯ ಮನೆಗೆ ಬರುತ್ತಾಳೆ, ಹೋಗುತ್ತಾಳೆ, ಮಾತಿಗೇನೂ ಕೊರತೆಯಿಲ್ಲ. ಶಾಲೆಯ ಗೇಟಿನ ಒಳಗೆ ಮಾತ್ರ ಮತ್ತೆ ಕಾಲಿಟ್ಟಿರಲಿಲ್ಲ.

ಅಕ್ಕನ ನಿವೃತ್ತಿಗೆ ಇನ್ನು ಮೂರೇ ತಿಂಗಳು ಇದೆ ಎನ್ನುವಾಗ ಲ್ಯಾಬಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಈ ವರ್ಷ ಸೇರಿದ ಹೊಸ ಮಿಸ್ ಅದರ ಮೇಲೆ ಕಬ್ಬಿಣದ ತುಂಡು ಇಟ್ಟರು. ಕೆಂಪು ಅಂಕಿ ಮಿನುಗಿ ನಿಂತಿತು: ಎಪ್ಪತ್ತೆಂಟು ಪಾಯಿಂಟ್ ಒಂದು. ಹತ್ತು ಸಿಸಿಯಿಂದ ಭಾಗಿಸಿದರೆ, ಅಚ್ಚುಕಟ್ಟಾಗಿ ಪುಸ್ತಕದ ಏಳು ಪಾಯಿಂಟ್ ಎಂಟು. ಸುದ್ದಿ ಕೇಳಿ ಓಡಿಬಂದ ಹೆಡ್‌ಮಾಸ್ಟರ್ ಮಷೀನಿನ ಸುತ್ತ ಒಂದು ಸುತ್ತು ಹಾಕಿದರು.

"ಮಷೀನು ಕೆಟ್ಟಿದೆ" ಎಂದರು. "ನಾಳೆ ವಾಪಸ್ ಕಳಿಸಿ."

"ಸಾರ್, ಉತ್ತರ ಪುಸ್ತಕದ್ದೇ ಬರ್ತಿದೆ" ಎಂದರು ಹೊಸ ಮಿಸ್.

"ಅದೇ ಹೇಳಿದ್ನಲ್ಲ, ಕೆಟ್ಟಿದೆ ಅಂತ."

ಮಷೀನನ್ನು ಥರ್ಮಾಕೋಲಿನಲ್ಲಿ ಕಟ್ಟಿಡುವ ಕೆಲಸ ಅಕ್ಕನ ಪಾಲಿಗೆ ಬಂತು. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ಕಟ್ಟುವ ಮುಂಚೆ ಇದು ಎಷ್ಟು ಕೆಟ್ಟಿದೆ ನೋಡಿಯೇಬಿಡೋಣ ಎಂದು ತನ್ನ ಪೆಟ್ಟಿಗೆಯಿಂದ ಒಂದೊಂದೇ ಬಟ್ಟನ್ನು ಚಿಮುಟದಲ್ಲಿ ಎತ್ತಿ ಇಟ್ಟಳು. ನೂರು ನೂರನ್ನೇ ತೋರಿಸಿತು. ಇಪ್ಪತ್ತು ಇಪ್ಪತ್ತನ್ನು, ಹತ್ತು ಹತ್ತನ್ನು. ಕೊನೆಗೆ ಐವತ್ತನ್ನು ಇಟ್ಟಳು. ನಲವತ್ತಾರು ಪಾಯಿಂಟ್ ಒಂದು.

ತೆಗೆದು ಮತ್ತೆ ಇಟ್ಟಳು. ನಲವತ್ತಾರು ಪಾಯಿಂಟ್ ಒಂದು. ಮಷೀನಿನ ಮೇಲೆ ನಂಬಿಕೆ ಸಾಲದೆ ಹಳೆಯ ತಕ್ಕಡಿಯ ಗಾಜಿನ ಬಾಗಿಲು ಎತ್ತಿ, ಒಂದು ತಟ್ಟೆಗೆ ಐವತ್ತನ್ನೂ ಇನ್ನೊಂದಕ್ಕೆ ಎರಡು ಇಪ್ಪತ್ತು, ಒಂದು ಹತ್ತನ್ನೂ ಹಾಕಿದಳು. ಐವತ್ತಿನ ತಟ್ಟೆ ನಾಚಿಕೆಯಿಲ್ಲದೆ ಮೇಲೆ ಹೋಯಿತು. ಇಪ್ಪತ್ತು, ಇಪ್ಪತ್ತು, ಹತ್ತು ಸೇರಿದರೆ ಐವತ್ತು. ಎರಡನೇ ತರಗತಿಯ ಲೆಕ್ಕ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಮಕ್ಕಳು, ಒಬ್ಬ ಮೇಷ್ಟ್ರು ಮತ್ತು ತಕ್ಕಡಿ ಅಕ್ಕ ಎಂದು ಕರೆಸಿಕೊಂಡವಳು, ಒಬ್ಬರಿಗೂ ಇದನ್ನು ತೂಗಿ ನೋಡಬೇಕೆಂದು ಹೊಳೆದಿರಲಿಲ್ಲ ಎಂದುಕೊಂಡಳು.

ಅಕ್ಕ ಸ್ಟೂಲಿನ ಮೇಲೆ ಕೂತಳು. ಮೊದಲು ನೆನಪಾದದ್ದು ಅಂಗಡಿಯವನ ಬಿಳಿಚಿದ ಮುಖ. ಆ ಮಹಾನುಭಾವ ಊರಿನ ಅರ್ಧ ಜನಕ್ಕೆ ಸಕ್ಕರೆಯಲ್ಲಿ ಮೋಸ ಮಾಡಿದ್ದ. ಉಳಿದರ್ಧಕ್ಕೆ ಅಕ್ಕನ ಕೈಯಿಂದ ಭೌತಶಾಸ್ತ್ರದಲ್ಲಿ ಮಾಡಿಸಿದ್ದ. ಆಮೇಲೆ ಪಕ್ಕದ ಮನೆಯ ಬಟ್ಟಲು ನೆನಪಾಯಿತು. ಅದನ್ನು ತೂಗಿದಾಗಲೂ ತಟ್ಟೆಯಲ್ಲಿದ್ದದ್ದು ಇದೇ ಐವತ್ತು. ಅಯ್ಯೋ, ಅದು ಬೆಳ್ಳಿಯೇ! ಬೆಕ್ಕು ಇಷ್ಟು ವರ್ಷ ಬೆಳ್ಳಿಯಲ್ಲೇ ಹಾಲು ಕುಡಿದಿದೆ. ಅಕ್ಕನಿಗೆ ನಗು ಬಂತು. ನಗು ಮುಗಿಯುವ ಮೊದಲೇ ಮೀಟರ್ ಸ್ಕೇಲ್ ಕಣ್ಣಿಗೆ ಬಿತ್ತು. ಮಗಳು ಬರೆದದ್ದು ಸರಿಯಿತ್ತು.

ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಮೋರಿ, ಮೈದುನ, ಅಂಗಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವರು ಎದ್ದು ಬಾಗಿಲು ಹಾಕಿದರು.

"ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಹೇಳ್ಬೇಡ. ಇನ್ನು ಮೂರು ತಿಂಗಳಿಗೆ ನೀನು ಮನೆಗೆ ಹೋಗ್ತೀಯ, ಮುಂದಿನ ವರ್ಷ ನಾನು. ಈ ವಯಸ್ಸಲ್ಲಿ ಜನ ಆಡ್ಕೊಂಡು ನಗೋ ಹಾಗೆ ಮಾಡ್ಬೇಡ. ಕಬ್ಬಿಣ ಏನೂ ಬೇಜಾರು ಮಾಡ್ಕೊಳ್ಳಲ್ಲ ಬಿಡು."

"ಕಬ್ಬಿಣ ಮಾಡ್ಕೊಳ್ಳಲ್ಲ ಸಾರ್. ನನ್ನ ಮಗಳಿಗೆ ಅವತ್ತು ಕಳ್ಳಿ ಅಂದ್ರಲ್ಲ..."

"ಯಾವ ಮಗಳು? ಯಾವತ್ತು?"

ಅವರು ನಾಟಕ ಆಡುತ್ತಿರಲಿಲ್ಲ. ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಅಕ್ಕನಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋವಾಯಿತು. ಹೊರಡುವಾಗ ಹಿಂದಿನಿಂದ ಮಾತು ಬಂತು: "ಸಾಮಾನು ಕಳೆದು ನಕಲಿ ಇಟ್ಟವಳ ನಿವೃತ್ತಿ ಕಾಗದಕ್ಕೆ ಸಹಿ ಹಾಕ್ಬೇಕಾದೋನು ನಾನೇ. ನೆನಪಿರ್ಲಿ."

ಸಂಜೆ ಗುಜರಿ ಅಂಗಡಿಗೆ ಹೋದಾಗ ಮಗಳು ಕೈಗವಸು ಹಾಕಿಕೊಂಡು ಹಳೆಯ ನಲ್ಲಿಗಳ ರಾಶಿಯಿಂದ ಹಿತ್ತಾಳೆ ಬೇರೆ ಮಾಡುತ್ತಿದ್ದಳು. ಅಕ್ಕ ಕರವಸ್ತ್ರದ ಗಂಟು ಬಿಚ್ಚಿ ಐವತ್ತನ್ನು ಮಗಳ ಮುಂದೆ ಹಿಡಿದಳು. ಮಗಳು ಕೈಗವಸು ಕಳಚಿ ಅದನ್ನು ಅಂಗೈಯಲ್ಲಿ ಎರಡು ಸಲ ಕುಣಿಸಿದಳು.

"ಇದು ಇನ್ನೂ ಇದೆಯಾ? ನಾಲ್ಕು ಗ್ರಾಮ್ ಕಮ್ಮಿ ಇದು" ಎಂದಳು.

ಅಕ್ಕ ಕೇಳಿದಳು: "ನಿಂಗೆ ಹೆಂಗೆ ಗೊತ್ತು?"

"ಅವತ್ತೇ ಗೊತ್ತಿತ್ತಲ್ಲಮ್ಮ. ಎರಡು ಇಪ್ಪತ್ತು, ಒಂದು ಹತ್ತು ಹಾಕಿ ನೋಡಿದ್ದೆ, ಸುಮ್ನೆ ಆಟಕ್ಕೆ. ಇದು ಮೇಲೆ ಹೋಯ್ತು. ಅದಕ್ಕೇ ಇದನ್ನ ಮುಟ್ಟಲಿಲ್ಲ. ಒಂದು ಕಡೆ ನೂರರ ಬಟ್ಟು ಇಟ್ಟು, ಇನ್ನೊಂದು ಕಡೆ ಕಬ್ಬಿಣದ ಜೊತೆ ಇಪ್ಪತ್ತೂ ಎರಡೂ ಸೇರಿಸಿದೆ. ನೂರರಲ್ಲಿ ಇಪ್ಪತ್ತೆರಡು ಕಳೆದ್ರೆ ಎಪ್ಪತ್ತೆಂಟು. ಬರೆದೆ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಕೇಳಿದ್ನಲ್ಲೇ! ಬಾಯಿ ಬಿಡಬಾರದಾಗಿತ್ತಾ?"

ಮಗಳು ಬಟ್ಟನ್ನು ತಾಯಿಯ ಕೈಗೆ ವಾಪಸ್ ಇಟ್ಟಳು. "ಚಿಕ್ಕಪ್ಪ ಮನೆಗೆ ಬಂದಾಗೆಲ್ಲ ಕೊಚ್ಕೋತಿದ್ರಲ್ಲ, ನಿಮ್ಮಮ್ಮನ ಸ್ಕೂಲು ನಡೀತಿರೋದೇ ನನ್ನ ಲೇತಿಂದ ಅಂತ. ಐವತ್ತು ಸುಳ್ಳು ಅಂತ ಸಾರ್ ಮುಂದೆ ಹೇಳಿದ್ರೆ, ಮಾಡಿಸಿದ್ದು ಯಾರು ಅಂತ ಕೇಳ್ತಿದ್ರು. ನಿನ್ನ ಕೆಲಸ ಹೋಗ್ತಿತ್ತು. ಅಪ್ಪ ಆಗ ಕಾಲು ಮುರ್ಕೊಂಡು ಮನೇಲಿ ಮಲಗಿದ್ರು, ನೆನಪಿದೆಯಾ? ನಾನೇ ಕಳ್ಳಿ ಆಗೋದು ಸಸ್ತಾ ಅನ್ನಿಸ್ತು."

ಅಕ್ಕ ಹರಿದ ಪೇಪರಿನ ಕಟ್ಟಿನ ಮೇಲೆ ಕೂತು ಅತ್ತಳು. ಹದಿನಾಲ್ಕು ವರ್ಷದ ಮಗು ಅಷ್ಟು ಯೋಚನೆ ಮಾಡಿತ್ತು. ನಲವತ್ತಾರು ವರ್ಷದ ತಾಯಿ ಸ್ಕೇಲ್ ಎತ್ತಿಕೊಂಡಿದ್ದಳು.

"ಏಟು ತಿಂದೋಳು ನಾನು, ಅಳೋದು ನೀನಾ?" ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತ. "ಹೋಗ್ಲಿ ಬಿಡಮ್ಮ. ಮೂರು ತಿಂಗಳು ಬಾಯಿ ಮುಚ್ಕೊಂಡಿರು. ಕಾಗದ ಕೈಗೆ ಬರ್ಲಿ. ಇಷ್ಟು ದಿನ ನಾನು ಸುಮ್ನಿದ್ದಿದ್ದು ದಂಡ ಆಗ್ಬಾರ್ದು."

ಮಾತಿನಲ್ಲಿ ನ್ಯಾಯವಿತ್ತು. ಅಕ್ಕ ಹೂಂ ಎಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಹೂಂ ಎಂದುಕೊಂಡೇ ಹೋದಳು. ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು ಐವತ್ತನ್ನು ಮತ್ತೆ ಅದರ ಗುಳಿಯಲ್ಲಿ ಇಡುವಾಗಲೂ ಸುಮ್ಮನಿರುವುದೆಂದೇ ನಿರ್ಧಾರವಾಗಿತ್ತು.

ಮೊದಲ ಪೀರಿಯಡ್ ಒಂಬತ್ತನೇ ತರಗತಿಯದು. ಕಟ್ಟಿಟ್ಟ ಮಷೀನು ಬಾಗಿಲ ಪಕ್ಕ ಕೊರಿಯರಿನವನಿಗೆ ಕಾಯುತ್ತಿತ್ತು. ಹೊಸ ಮಿಸ್ ರೆಕಾರ್ಡ್ ನೋಡುತ್ತಿದ್ದರೆ, ವಿಚಾರಣೆಗೆಂದು ಬಂದ ಹೆಡ್‌ಮಾಸ್ಟರ್ ಅದರಲ್ಲೊಂದನ್ನು ಕಿತ್ತುಕೊಂಡರು. ದಪ್ಪ ಜಡೆಯ ಒಬ್ಬ ಹುಡುಗಿ ನಿನ್ನೆ ಮಷೀನಿನಲ್ಲಿ ಕಂಡದ್ದನ್ನೇ ನಂಬಿ ಏಳು ಪಾಯಿಂಟ್ ಎಂಟು ಎಂದು ಬರೆದಿದ್ದಳು.

"ಪುಸ್ತಕ ನೋಡಿ ಬರೆದ್ಯಾ? ಹತ್ತು ಬೆಂಚ್ ಮೇಲೆ!"

ಹುಡುಗಿ ಬೆಂಚಿನ ಕಡೆ ಹೆಜ್ಜೆ ಇಟ್ಟಳು. ಅಕ್ಕ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಹಿಡಿದ ಮೇಲೆ, ತಾನು ಹಿಡಿದದ್ದು ಅಕ್ಕನಿಗೇ ಗೊತ್ತಾಯಿತು.

"ಹತ್ಬೇಡ. ಇಲ್ಲಿ ಬಾ. ಎಲ್ರೂ ಬನ್ನಿ ಇಲ್ಲಿ, ತಕ್ಕಡಿ ಸುತ್ತ ನಿಲ್ಲಿ."

"ಏಯ್, ಏನಮ್ಮಾ ಇದು?" ಎಂದರು ಹೆಡ್‌ಮಾಸ್ಟರ್.

"ಪ್ರಯೋಗ ಸಾರ್" ಎಂದಳು ಅಕ್ಕ. ಹೊಸ ಮಿಸ್ ಮೆತ್ತಗೆ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು.

ಜಡೆಯ ಹುಡುಗಿಯ ಕೈಗೆ ಚಿಮುಟ ಕೊಟ್ಟು, ಒಂದು ತಟ್ಟೆಯಲ್ಲಿ ಐವತ್ತು, ಇನ್ನೊಂದರಲ್ಲಿ ಇಪ್ಪತ್ತು, ಇಪ್ಪತ್ತು, ಹತ್ತು ಇಡಿಸಿದಳು. ಐವತ್ತು ಮೇಲೆ ಹೋಯಿತು. ಹಿಂದಿನವರು ಮುಂದಿನವರ ಹೆಗಲ ಮೇಲಿಂದ ಇಣುಕಿದರು. ಯಾರೋ "ಅಯ್ಯೋ" ಎಂದರು.

"ಈ ಬಟ್ಟು ಸುಳ್ಳು" ಎಂದಳು ಅಕ್ಕ. "ನಿಜವಾದ್ದನ್ನ ಮೋರಿಗೆ ಬಿಟ್ಟೋಳು ನಾನು. ಇದನ್ನ ಮಾಡಿಸಿದ್ದೂ ನಾನೇ. ನಮ್ಮ ಕಬ್ಬಿಣ ಬೇರೆ ಅಲ್ಲ, ಎಲ್ಲರ ಹಾಗೇ ಇದೆ. ಹನ್ನೊಂದು ವರ್ಷದ ಹಿಂದೆ ಇದೇ ಜಾಗದಲ್ಲಿ ಒಬ್ಬಳು ಹುಡುಗಿ ತೂಗಿ, ಅಳೆದು, ಏಳು ಪಾಯಿಂಟ್ ಎಂಟು ಅಂತ ಬರೆದ್ಲು. ಕದ್ದಿರ್ಲಿಲ್ಲ. ಅವಳನ್ನ ಕಳ್ಳಿ ಅಂದ್ರು. ಅವಳು ನನ್ನ ಮಗಳು. ನಾನೇ ಅವಳಿಗೆ ಹೊಡೆದೆ, ಎಲ್ಲರ ಮುಂದೆ. ಅದಕ್ಕೇ ಎಲ್ಲರ ಮುಂದೆ ಹೇಳ್ತಿದೀನಿ."

ಹೆಡ್‌ಮಾಸ್ಟರ ಮುಖ ಕೆಂಪಾಯಿತು. "ನಿನ್ನ ಕಾಗದ ಹೆಂಗೆ ಮುಂದೆ ಹೋಗುತ್ತೋ ನಾನೂ ನೋಡ್ತೀನಿ" ಎಂದು ಹೇಳಿ ಹೊರಟುಹೋದರು. ಜಡೆಯ ಹುಡುಗಿ ಚಿಮುಟ ಹಿಡಿದುಕೊಂಡೇ ಕೇಳಿದಳು:

"ಅಕ್ಕಾ, ನಿಮ್ಮ ಮಗಳಿಗೆ ಆ ಮಾರ್ಕ್ಸ್ ವಾಪಸ್ ಕೊಡ್ತಾರಾ?"

"ಮಾರ್ಕ್ಸ್ ಕೊಡೋದು ಸಾರ್ ಕೆಲಸ, ಕೊಟ್ರೂ ಕೊಡಬಹುದು. ನಾನು ಕೊಟ್ಟಿದ್ದು ಏಟು ಮಗಳೇ, ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ನೀನು ಬರ್ಕೋ, ಏಳು ಪಾಯಿಂಟ್ ಎಂಟು."